ನೋಂದಣಿ ಪುಸ್ತಕದ ಮೊದಲ ಸಂಖ್ಯೆ ಶಾಲೆಯ ಕಟ್ಟಡಕ್ಕೆ

ಹಳೆಯ ಶಾಲೆಯೊಂದನ್ನು ಸ್ಥಳೀಯ ಇತಿಹಾಸದ ವಸ್ತುಸಂಗ್ರಹಾಲಯವಾಗಿಸುವ ಹೊಣೆ ನನ್ನ ಪಾಲಿಗೆ ಬಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಒಳಗೆ ಏನೇನು ಇಡುತ್ತೀರಿ? ಇಡುವ ಮುಂಚೆ ಇರುವುದನ್ನು ನೋಡೋಣ ಎಂದು ನಾನು ಹಟ ಹಿಡಿದೆ. ವಸ್ತುಗಳ ನೋಂದಣಿ ಪುಸ್ತಕ ತೆರೆದಾಗ ಮೊದಲ ಸಂಖ್ಯೆಯನ್ನು ಕಟ್ಟಡಕ್ಕೇ ಕೊಟ್ಟೆ. ಸಂಖ್ಯೆ ಪಡೆದ ವಸ್ತುವಿಗೆ ಒಂದು ಮೊಳೆ ಹೊಡೆಯಬೇಕಾದರೂ ಕಾರಣ ಬರೆದಿಡಬೇಕು. ನಡುಗೋಡೆ ಒಡೆದು ದೊಡ್ಡ ಸಭಾಂಗಣ ಮಾಡೋಣ ಎನ್ನುತ್ತಿದ್ದವರ ಮಾತು ಅಲ್ಲಿಗೆ ನಿಂತಿತು.

ದುರಸ್ತಿಯಲ್ಲಿ ಅನುಸರಿಸಿದ ಕ್ರಮ ಸರಳ: ಮೊದಲು ಸೂರು ಮತ್ತು ಮಳೆನೀರಿನ ದೋಣಿ, ಆಮೇಲೆ ಗೋಡೆಯ ಸುತ್ತಲಿನ ಚರಂಡಿ, ಕೊನೆಗೆ ಗೋಡೆ. ಸುಣ್ಣದ ಗಾರೆಯ ಗೋಡೆಗೆ ಹಿಂದೆ ಯಾರೋ ಸೊಂಟದೆತ್ತರದವರೆಗೆ ಸಿಮೆಂಟ್ ಮೆತ್ತಿದ್ದರು. ಸುಣ್ಣದ ಗೋಡೆ ಹೀರಿದ ತೇವವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಕೂತರೆ ತೇವ ಒಳಗೇ ಸಿಕ್ಕಿಬಿದ್ದು, ಉಪ್ಪು ಹರಳುಗಟ್ಟಿ, ಮೆತ್ತನೆಯ ಇಟ್ಟಿಗೆ ಪುಡಿಯಾಗುತ್ತದೆ. ಸಿಮೆಂಟನ್ನು ಉಳಿಯಿಂದ ನಿಧಾನವಾಗಿ ಕಳಚಿಸಿ, ಗೋಡೆ ಒಣಗುವವರೆಗೆ ಕಾದು, ಮತ್ತೆ ಸುಣ್ಣದ ಗಾರೆಯನ್ನೇ ಬಳಿಸಿದೆವು. ಕಾಯುವುದೇ ಈ ಕೆಲಸದ ಕಷ್ಟದ ಭಾಗ. ಉದ್ಘಾಟನೆಯ ದಿನ ಗೊತ್ತುಮಾಡಿಕೊಂಡು ಗಾರೆ ಕೆಲಸಕ್ಕೆ ಇಳಿಯಬಾರದು.

ಹಳೆಯ ಕಟ್ಟಡಗಳ ಸಂರಕ್ಷಣೆಗೆ ದಾರಿ ತೋರುವ ಅಂತರರಾಷ್ಟ್ರೀಯ ದಾಖಲೆಯಾದ 1964ರ ವೆನಿಸ್ ಸನ್ನದಿನ ಒಂದು ಮಾತನ್ನು ನಾನು ಸದಾ ಮುಂದಿಟ್ಟುಕೊಂಡಿದ್ದೆ: ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು. ಕಳೆದುಹೋದ ಬಾಗಿಲಿನ ಜಾಗದಲ್ಲಿ ಹಳೆಯದರಂತೆ ಕಾಣುವ ಕೆತ್ತನೆಯ ಬಾಗಿಲು ಬೇಕೆಂದು ಒತ್ತಾಯ ಬಂದಿತ್ತು. ಮೂಲದ ಚಿತ್ರವಾಗಲಿ ಅಳತೆಯಾಗಲಿ ಇರಲಿಲ್ಲ. ಹಾಗಾಗಿ ಹೊಸದೆಂದು ನೋಡಿದೊಡನೆ ತಿಳಿಯುವ ಸಾದಾ ಬಾಗಿಲನ್ನೇ ಕೂರಿಸಿದೆವು. ಕರಿಹಲಗೆಯ ವಿಷಯದಲ್ಲೂ ಇದೇ ಎಚ್ಚರ. 2015ರಲ್ಲಿ ಅಮೆರಿಕದ ಒಕ್ಲಹೋಮ ನಗರದ ಎಮರ್ಸನ್ ಶಾಲೆಯಲ್ಲಿ ಹಲಗೆಗಳನ್ನು ಬದಲಿಸಲು ಹೋದ ಕೆಲಸಗಾರರಿಗೆ ಅವುಗಳ ಹಿಂದೆ 1917ರ ಪಾಠಗಳು, ಸೀಮೆಸುಣ್ಣದ ಬಣ್ಣದ ಚಿತ್ರಗಳು ಹಾಗೆಯೇ ಸಿಕ್ಕವು. ಗೋಡೆಗೆ ಬಿಗಿದ ಯಾವುದನ್ನೇ ಆಗಲಿ ಕಳಚುವಾಗ ಬಟ್ಟೆ, ನೀರು ದೂರವಿರಲಿ, ಕ್ಯಾಮೆರಾ ಹತ್ತಿರವಿರಲಿ.

ಶಾಲೆಯ ಕಟ್ಟಡಕ್ಕೆ ಅದರದೇ ಒಂದು ತೊಡಕಿದೆ: ಬೆಳಕು. ಬಲಗೈಯಲ್ಲಿ ಬರೆಯುವ ಮಕ್ಕಳ ಪುಟದ ಮೇಲೆ ಕೈಯ ನೆರಳು ಬೀಳದಿರಲೆಂದು ಹಳೆಯ ತರಗತಿಗಳಲ್ಲಿ ದೊಡ್ಡ ಕಿಟಕಿಗಳನ್ನು ಎಡಗಡೆಗೆ ಇಡುತ್ತಿದ್ದರು. ಓದಲು ಬೇಕಾದ ಆ ಬೆಳಕೇ ಕಾಗದಕ್ಕೂ ಬಟ್ಟೆಗೂ ಮಾರಕ. ಅವುಗಳ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಮೀರದಂತೆ ನೋಡಿಕೊಳ್ಳುವುದು ಸಂಗ್ರಹಾಲಯಗಳ ರೂಢಿ. ಕಿಟಕಿ ಮುಚ್ಚಿದರೆ ತರಗತಿ ಸಾಯುತ್ತದೆ. ಹಾಗಾಗಿ ಒಂದು ಕೋಣೆಯನ್ನು ಬೆಳಕಿಗೇ ಬಿಟ್ಟು, ಅಲ್ಲಿ ಬೆಂಚು, ಸ್ಲೇಟು, ಗಂಟೆಯಂಥ ಗಟ್ಟಿ ವಸ್ತುಗಳನ್ನಷ್ಟೇ ಇಟ್ಟೆವು. ಕಾಗದಪತ್ರಗಳೆಲ್ಲ ಬಿಸಿಲು ತಾಗದ ಕೋಣೆಗೆ ಹೋದವು. ಮೂಲಗಳು ಪೆಟ್ಟಿಗೆಯಲ್ಲಿ, ನಕಲುಗಳು ಪ್ರದರ್ಶನದಲ್ಲಿ.

ಬೆಂಚುಗಳನ್ನು ಉಜ್ಜಿ ಪಾಲಿಶ್ ಹಾಕಿಕೊಡುತ್ತೇನೆಂದು ಬಡಗಿಯೊಬ್ಬರು ಉದಾರವಾಗಿ ಮುಂದೆ ಬಂದರು. ಅವರನ್ನೇ ಕರೆದು ಒಂದು ಬೆಂಚನ್ನು ಮಗುಚಿ ತೋರಿಸಿದೆ. ಅಡಿಯಲ್ಲಿ ಪೆನ್ಸಿಲಿನ ಗುಣಾಕಾರ, ಕೈವಾರದ ಮೊನೆಯಿಂದ ಕೊರೆದ ಅಕ್ಷರಗಳು, ಮಸಿ ಕುಡಿಕೆಯ ತೂತಿನ ಸುತ್ತ ಇಳಿದ ನೀಲಿ ಕಲೆ. ಅವರು ಬೆರಳಾಡಿಸಿ ನೋಡಿ, ಸಡಿಲವಾದ ಕಾಲನ್ನಷ್ಟೇ ಬಿಗಿದುಕೊಟ್ಟು ಹೋದರು. ಮೆತ್ತನೆಯ ಒಣ ಬ್ರಷ್ ಬಿಟ್ಟು ಬೇರೇನನ್ನೂ ಆ ಮರಕ್ಕೆ ನಾವು ಮುಟ್ಟಿಸಿಲ್ಲ.

ಮನೆಗಳಿಂದ ಬಂದ ಪುಸ್ತಕ, ಬಟ್ಟೆಗಳನ್ನು ನೇರವಾಗಿ ಸಂಗ್ರಹದೊಳಗೆ ಬಿಡುವುದಿಲ್ಲ. ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ ಒಂದು ವಾರ ಇಟ್ಟರೆ ಹುಳುಗಳೂ ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಕೋಣೆಯ ಶಾಖಕ್ಕೆ ಬರುವವರೆಗೆ ಚೀಲ ಬಿಚ್ಚಬಾರದು. ಬಿಚ್ಚಿದರೆ ಹನಿಗಟ್ಟುವ ನೀರು ವಸ್ತುವಿನ ಮೇಲೆಯೇ ಕೂರುತ್ತದೆ. ಗಾಜಿನ ನೆಗೆಟಿವ್, ಬಣ್ಣ ಬಳಿದ ಮರಕ್ಕೆ ಈ ಉಪಾಯ ಸಲ್ಲದು. ಕೊಟ್ಟವರಿಂದ ದಾನಪತ್ರಕ್ಕೆ ಸಹಿ, ಕಾಗದಕ್ಕೆ ಪೆನ್ಸಿಲಿನಲ್ಲಿ ಸಂಖ್ಯೆ, ಬಟ್ಟೆಗೆ ಹೊಲಿದ ಹತ್ತಿಯ ಪಟ್ಟಿ: ಇವಿಷ್ಟು ಮುಗಿಯದೆ ಯಾವುದೂ ಕಪಾಟು ಸೇರುವುದಿಲ್ಲ.

ಇಷ್ಟೆಲ್ಲದರ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದ್ದು ದಾಖಲಾತಿ ಪುಸ್ತಕ. ಹೆಸರು, ಹುಟ್ಟಿದ ದಿನ, ತಂದೆಯ ಉದ್ಯೋಗ. ಕಟ್ಟಕಡೆಯ ಅಂಕಣ, ಶಾಲೆ ಬಿಟ್ಟ ಕಾರಣ. ಆ ಅಂಕಣವನ್ನಷ್ಟೇ ಮೇಲಿನಿಂದ ಕೆಳಕ್ಕೆ ಓದುತ್ತಾ ಹೋದರೆ ಊರಿನ ಚರಿತ್ರೆ ಬಿಚ್ಚಿಕೊಳ್ಳುತ್ತದೆ. ಕೆಲಸಕ್ಕೆ ಸೇರಿದ. ಮನೆಯಲ್ಲಿ ಮಗು ನೋಡಿಕೊಳ್ಳಬೇಕು. ಊರು ಬಿಟ್ಟರು. ಮರಣ. ಹುಡುಗಿಯರ ಹೆಸರಿನ ಮುಂದೆ ಕಾರಣವೇ ಇಲ್ಲದ ಖಾಲಿ ಚೌಕಗಳು ಹೆಚ್ಚು. ಹಾಜರಿ ಪುಸ್ತಕಗಳೂ ಹೀಗೆಯೇ ಮಾತಾಡುತ್ತವೆ. 1918ರ ಇನ್‌ಫ್ಲುಯೆನ್ಜಾ ಜಗತ್ತಿನ ಮೂಲೆಮೂಲೆಗೂ ಹಬ್ಬಿತ್ತು. ಆ ಕಾಲದ ಪುಸ್ತಕ ನಿಮ್ಮಲ್ಲಿ ಉಳಿದಿದ್ದರೆ ಆ ವರ್ಷದ ಕೊನೆಯ ತಿಂಗಳುಗಳ ಪುಟ ತೆರೆದು ನೋಡಿ.

ಪ್ರದರ್ಶನದಲ್ಲಿ ಆ ಅಂಕಣವನ್ನು ದೊಡ್ಡದಾಗಿ ತೋರಿಸಿದ್ದೇವೆ, ಹೆಸರುಗಳನ್ನು ಮರೆಮಾಡಿ. ಅವರ ಮಕ್ಕಳು, ಮೊಮ್ಮಕ್ಕಳು ಇಲ್ಲಿಗೆ ಬರುತ್ತಾರೆ. ತಮ್ಮ ಮನೆಯ ಬಡತನವನ್ನು ಅಪರಿಚಿತರ ಎದುರು ಗೋಡೆಯ ಮೇಲೆ ಓದುವ ಸ್ಥಿತಿ ಯಾರಿಗೂ ಬರಬಾರದು. ಬೆತ್ತವನ್ನೂ ಬಚ್ಚಿಟ್ಟಿಲ್ಲ. ಹಳೆಯ ಶಾಲೆ ಎಂದೊಡನೆ ಎಲ್ಲವೂ ಚೆನ್ನಾಗಿತ್ತೆಂಬ ಭಾವ ಬರುವುದು ಸಹಜ, ಅದನ್ನು ನಾನೂ ಪ್ರೀತಿಸುತ್ತೇನೆ. ಆದರೆ ಪೆಟ್ಟು ತಿಂದವರ ಮಾತೂ ಅದೇ ಗೋಡೆಗೆ ಸೇರಿದ್ದು.

ಈಗ ಹಳೆಯ ವಿದ್ಯಾರ್ಥಿಗಳ ನೆನಪುಗಳನ್ನು ಧ್ವನಿಮುದ್ರಿಸುತ್ತಿದ್ದೇವೆ. ಕಚೇರಿಯ ಕುರ್ಚಿಯಲ್ಲಿ ನಾಲ್ಕು ಮಾತಿಗೆ ಮುಗಿಸುವವರು ತಾವು ಕೂರುತ್ತಿದ್ದ ಸಾಲಿನ ಬೆಂಚಿನಲ್ಲಿ ಕೂತರೆ ಪಕ್ಕದವನ ಹೆಸರಿನಿಂದ ಹಿಡಿದು ಎಲ್ಲ ಹೇಳುತ್ತಾರೆ. ಶಾಲೆಗೆ ಸೇರಲಾಗದೆ ಹೊರಗೇ ಉಳಿದವರನ್ನೂ ಹುಡುಕಿ ಕರೆಸುತ್ತಿದ್ದೇವೆ, ಏಕೆಂದರೆ ದಾಖಲಾತಿ ಪುಸ್ತಕದಲ್ಲಿ ಅವರಿಗೆ ಅಂಕಣವೇ ಇಲ್ಲ. ಒಪ್ಪಿಗೆ ಪತ್ರ ಮೊದಲು, ಆಮೇಲೆ ಮೈಕು. ಮೂಲ ಕಡತವನ್ನು ಕುಗ್ಗಿಸದೆ ಇಡುತ್ತೇವೆ; ಒಂದು ಪ್ರತಿ ಸಂಗ್ರಹಾಲಯದಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ, ಮತ್ತೊಂದು ಮಾತಾಡಿದವರ ಮನೆಗೆ.