ಕೇಬಲ್ ಫಾಲ್ಟ್: ಅಗೆಯುವ ಮುಂಚೆ ಇನ್ನೊಂದು ತುದಿಯಿಂದಲೂ ಅಳೆಯಿರಿ
ಟಿಡಿಆರ್ ಮೀಟರ್ (ಕೇಬಲ್‌ಗೆ ಪಲ್ಸ್ ಕಳಿಸಿ ಫಾಲ್ಟ್ ಎಷ್ಟು ದೂರದಲ್ಲಿದೆ ಅಂತ ತೋರಿಸುವ ಉಪಕರಣ) ಬಳಸುವವರು ಒಂದೇ ತುದಿಯ ರೀಡಿಂಗ್ ನಂಬಿ ಗುಂಡಿ ತೋಡಬೇಡಿ, ಎರಡೂ ತುದಿಯಿಂದ ಅಳೆಯಿರಿ. 300 ಮೀಟರ್ ಉದ್ದದ ಕೇಬಲ್‌ನಲ್ಲಿ ಈ ಕಡೆಯಿಂದ 132 ಮೀಟರ್, ಆ ಕಡೆಯಿಂದ 198 ತೋರಿಸಿತು ಅನ್ನಿ. ಕೂಡಿದರೆ 330. ಆದರೆ ಕೇಬಲ್ ಇರೋದೇ 300 ಮೀಟರ್ ಅಲ್ವಾ? 132ನ್ನು 330ರಿಂದ ಭಾಗಿಸಿ 300ರಿಂದ ಗುಣಿಸಿ. ಫಾಲ್ಟ್ ಇರುವುದು ಈ ಕಡೆಯಿಂದ 120 ಮೀಟರ್ ದೂರದಲ್ಲಿ. ಮೀಟರ್ ನಿಜವಾಗಿ ಅಳೆಯುವುದು ಪಲ್ಸ್ ಹೋಗಿ ವಾಪಸ್ ಬರುವ ಸಮಯವನ್ನು ಮಾತ್ರ. ದೂರದ ಲೆಕ್ಕ ನಾವು ಕೊಟ್ಟ ವೇಗದ ಸೆಟ್ಟಿಂಗ್ ಮೇಲೆ ನಿಂತಿದೆ. ಒಳಗಿನ ಇನ್ಸುಲೇಶನ್ ಗಟ್ಟಿ ಪಾಲಿಥೀನ್ ಆಗಿರುವ ಕೇಬಲ್‌ಗೆ ಆ ವೇಗ ಬೆಳಕಿನ ವೇಗದ ಸುಮಾರು 66%, ಫೋಮ್‌ನದ್ದಕ್ಕೆ ಇನ್ನೂ ಜಾಸ್ತಿ. ಸೆಟ್ಟಿಂಗ್ ತಪ್ಪಿದ್ದರೆ ಎರಡೂ ರೀಡಿಂಗ್ ಒಂದೇ ಪ್ರಮಾಣದಲ್ಲಿ ತಪ್ಪುತ್ತವೆ, ಭಾಗಿಸಿದಾಗ ಆ ತಪ್ಪು ಹೊಡೆದುಹೋಗುತ್ತದೆ. ಒಟ್ಟು ಉದ್ದ ಮಾತ್ರ ಸರಿಯಾಗಿ ಗೊತ್ತಿರಬೇಕು, ಚೇಂಬರ್‌ನಲ್ಲಿ ಸುತ್ತಿಟ್ಟ ಲೂಪ್ ಕೂಡ ಸೇರಿಸಿ. ಮಧ್ಯದಲ್ಲಿ ಬೇರೆ ಜಾತಿಯ ಕೇಬಲ್ ಜಾಯಿಂಟ್ ಮಾಡಿದ್ದರೆ ಈ ಲೆಕ್ಕ ಕೆಡುತ್ತದೆ. ಮೀಟರ್ ಪರದೆಯ ಗೆರೆ ಒಂದು ತುದಿಯಿಂದ ಅಳೆದಾಗ ಮೇಲೆದ್ದು (ಓಪನ್, ಅಂದರೆ ತಂತಿ ತುಂಡಾಗಿದೆ) ಇನ್ನೊಂದರಿಂದ ಅಳೆದಾಗ ಕೆಳಗಿಳಿದರೆ (ಶಾರ್ಟ್, ಅಂದರೆ ತಂತಿಗಳು ಒಂದಕ್ಕೊಂದು ತಾಗಿವೆ) ಬಹುಶಃ ಎರಡು ಫಾಲ್ಟ್ ಇವೆ, ಆಗಲೂ ಇದು ನಡೆಯಲ್ಲ. ನೀರಿಳಿದು ಸ್ವಲ್ಪ ಸ್ವಲ್ಪವೇ ಲೀಕ್ ಆಗುವ ಪವರ್ ಕೇಬಲ್‌ನಲ್ಲಂತೂ ಎಷ್ಟೋ ಸಲ ಗೆರೆ ಅಲುಗಾಡುವುದೇ ಇಲ್ಲ. ಮತ್ತೆ, ಲೈನ್ ಆಫ್ ಮಾಡಿ ಡಿಸ್ಚಾರ್ಜ್ ಮಾಡಿದ ಮೇಲೇ ಮೀಟರ್ ಹಚ್ಚಿ.