ದೊಡ್ಡವರಾದ ಮೇಲೆ ಸೈಕಲ್ ಕಲಿಯಬೇಕೆ? ಮೊದಲು ಪೆಡಲ್ ಬಿಚ್ಚಿಡಿ

ಚಿಕ್ಕಂದಿನಲ್ಲಿ ಸೈಕಲ್ ಕಲಿಯದೆ ಉಳಿದವರು ಹುಬ್ಬಳ್ಳಿ-ಧಾರವಾಡದಲ್ಲಿ ಕಡಿಮೆ ಇಲ್ಲ. ಅದರಲ್ಲೂ ಹೆಣ್ಣುಮಕ್ಕಳು ಜಾಸ್ತಿ. ಈಗ ಕಲಿಯೋಣ ಎಂದರೆ ‘ಈ ವಯಸ್ಸಿನ್ಯಾಗ ಯಾಕ್ರೀ ವೈನಿ?’ ಎನ್ನುವವರು ಸಿಗುತ್ತಾರೆ. ಆ ಮಾತು ಬಿಡಿ. ನಲವತ್ತಾದರೂ ಐವತ್ತಾದರೂ ಸೈಕಲ್ ಬರುತ್ತದೆ.

ನಮ್ಮಲ್ಲಿ ಸಾಮಾನ್ಯವಾಗಿ ಒಬ್ಬರು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಾರೆ, ಕಲಿಯುವವರು ಪೆಡಲ್ ತುಳಿಯುತ್ತಾರೆ. ದೊಡ್ಡವರಿಗೆ ಈ ಪದ್ಧತಿ ಬೇಡವೇ ಬೇಡ. ಹಿಡಿದವರೇ ಸೈಕಲನ್ನು ನೆಟ್ಟಗೆ ಇಡುವುದರಿಂದ ಕೂತವರಿಗೆ ಬ್ಯಾಲೆನ್ಸ್ ತಿಳಿಯುವುದೇ ಇಲ್ಲ. ಕೈ ಬಿಟ್ಟ ಕೂಡಲೇ ಬೀಳುತ್ತಾರೆ, ಹೆದರಿಕೆ ಉಳಿದುಬಿಡುತ್ತದೆ.

ಹೊಸ ಸೈಕಲ್ ಈಗಲೇ ಕೊಳ್ಳಬೇಡಿ. ಮನೆಯಲ್ಲೋ ಪಕ್ಕದಲ್ಲೋ ಇರುವ ಲೇಡೀಸ್ ಸೈಕಲ್ ಕೇಳಿ ತನ್ನಿ. ನಡುವೆ ಅಡ್ಡ ಪೈಪ್ ಇಲ್ಲದ್ದರಿಂದ ಕಾಲು ಊರುವುದು ಸುಲಭ. ಗಂಡಸರೂ ಇದರಲ್ಲೇ ಕಲಿಯಲಿ. ದಪ್ಪ ಟೈರಿನ ಸೈಕಲ್ ನೋಡಲು ಚೆಂದ, ಆದರೆ ಭಾರ.

ಇನ್ನು ಪಾನಾ ಹಿಡಿದು ಎರಡೂ ಪೆಡಲ್ ಬಿಚ್ಚಿ. ಬಲಗಡೆಯದು ಎಲ್ಲ ನಟ್ಟಿನಂತೆ ಬಿಚ್ಚುತ್ತದೆ. ಎಡಗಡೆಯದರ ತಿರುಪು ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲಾಗುತ್ತದೆ. ಇದು ಗೊತ್ತಿಲ್ಲದೆ ಜೋರು ಮಾಡಿದರೆ ಇನ್ನೂ ಬಿಗಿಯುತ್ತದೆ. ಆಮೇಲೆ ಸೀಟು ಇಳಿಸಿ. ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು.

ಬೆಳಿಗ್ಗೆ ಖಾಲಿ ಇರುವ ಮೈದಾನಕ್ಕೆ ಹೋಗಿ. ನೆಲ ಗಟ್ಟಿ ಇರಲಿ, ಹುಲ್ಲಿನಲ್ಲಿ ಗಾಲಿ ಉರುಳುವುದಿಲ್ಲ. ಸೀಟಿನ ಮೇಲೆ ಕೂತು, ಕಾಲಿನಿಂದ ನೆಲ ತಳ್ಳುತ್ತಾ ಸಾಗಿ. ಮೊದಲು ನಡೆದಂತೆ, ಆಮೇಲೆ ಉದ್ದ ಹೆಜ್ಜೆ, ಆಮೇಲೆ ಒಮ್ಮೆ ತಳ್ಳಿ ಎರಡೂ ಕಾಲೆತ್ತಿ. ಸೈಕಲ್ ಯಾವ ಕಡೆ ವಾಲುತ್ತದೋ ಆ ಕಡೆಗೇ ಹ್ಯಾಂಡಲ್ ಸ್ವಲ್ಪ ತಿರುಗಿಸಿ, ತಾನೇ ಎದ್ದು ನಿಲ್ಲುತ್ತದೆ. ಮನಸ್ಸು ಎದುರು ಕಡೆ ಎಳೆ ಎನ್ನುತ್ತದೆ. ಹಾಗೆ ಎಳೆದರೆ ಬೀಳುತ್ತೀರಿ. ಕಣ್ಣು ಮುಂದಿನ ಗಾಲಿಯ ಮೇಲೆ ಬೇಡ, ದೂರದ ಮರವನ್ನೋ ಕಂಬವನ್ನೋ ನೋಡಿ. ನಿಲ್ಲಲು ಎರಡೂ ಬ್ರೇಕ್ ಮೆಲ್ಲಗೆ ಒಟ್ಟಿಗೆ ಹಿಡಿಯುವುದನ್ನೂ ಈ ಹಂತದಲ್ಲೇ ರೂಢಿಸಿಕೊಳ್ಳಿ.

ಕಾಲೆತ್ತಿ ಮೈದಾನದ ಉದ್ದಕ್ಕೆ ಸಾಗುವಷ್ಟಾದರೆ ಪೆಡಲ್ ಹಾಕಿ. ಅವಸರ ಮಾತ್ರ ಬೇಡ, ಕೆಲವರಿಗೆ ಒಂದು ತಾಸು ಸಾಕು, ಕೆಲವರಿಗೆ ವಾರ ಬೇಕು. ತುಳಿಯುವುದು ಬಂದ ಮೇಲೆ ಸೀಟು ಏರಿಸಿ. ಹಿಮ್ಮಡಿ ಪೆಡಲ್ ಮೇಲಿಟ್ಟು ಅದನ್ನು ಕೆಳಗೆ ತಂದಾಗ ಮೊಣಕಾಲು ನೆಟ್ಟಗಾದರೆ ಎತ್ತರ ಸರಿ. ಕಲಿಯುವಾಗಿನ ಎತ್ತರದಲ್ಲೇ ಓಡಿಸುತ್ತಿದ್ದರೆ ಮೊಣಕಾಲು ನೋಯುತ್ತದೆ.

ರಸ್ತೆಗೆ ಇಳಿಯುವಾಗ ಓಣಿಯಿಂದ ಶುರು ಮಾಡಿ. ಧಾರವಾಡದವರು ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಕರ್ನಾಟಕ ವಿಶ್ವವಿದ್ಯಾಲಯದ ಏರು ಇಳಿವನ್ನು ಆಮೇಲಕ್ಕೆ ಇಟ್ಟುಕೊಳ್ಳಿ. ಎರಡು ಊರಿನ ನಡುವೆ ಚಿಗರಿ ಬಸ್ಸಿಗೆಂದು ಮೀಸಲಿಟ್ಟ ದಾರಿ ಖಾಲಿ ಕಂಡರೂ ಅಲ್ಲಿ ನುಗ್ಗಬೇಡಿ. ಹೆಲ್ಮೆಟ್ ಹಾಕಿಕೊಳ್ಳಿ. ಹಿಂದೆ ಕೆಂಪು ದೀಪ ಇರಲಿ.

ನಮ್ಮ ಭಾಗದ ಮಣ್ಣು, ಗಾಳಿ, ಮುಳ್ಳುಗಳ ಬಗ್ಗೆಯೂ ತಿಳಿದಿರಬೇಕು. ಮಳೆ ಬಿದ್ದಾಗ ಎರಿ ಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ ದಾರಿಗೆ ಹೋಗಬೇಡಿ. ಜಿಗುಟು ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿಯೇ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಪಡುವಣ ಗಾಳಿ ಜೋರು. ಗದಗಿನವರು ಹುಬ್ಬಳ್ಳಿ ದಿಕ್ಕಿಗೆ ಹೊರಟರೆ ಗಾಳಿ ಎದುರಿಗೇ ಬರುತ್ತದೆ. ಹೋಗುವಾಗ ಎದುರು ಗಾಳಿ ಇರುವ ದಾರಿಯನ್ನೇ ಆರಿಸಿ, ದಣಿದು ಮರಳುವಾಗ ಅದೇ ಗಾಳಿ ಬೆನ್ನಿಗಿರುತ್ತದೆ. ರಸ್ತೆಯ ಅಂಚಿನಲ್ಲಿ ನೆಗ್ಗಿಲ ಮುಳ್ಳು ಇರುತ್ತದೆ. ಪಂಕ್ಚರ್ ಆದರೆ ಟ್ಯೂಬಿಗೆ ಪ್ಯಾಚ್ ಹಚ್ಚುವ ಮೊದಲು ಟೈರಿನ ಒಳಗೆ ಮೆಲ್ಲಗೆ ಬೆರಳಾಡಿಸಿ ಮುಳ್ಳು ಹುಡುಕಿ ತೆಗೆಯಿರಿ. ಅದು ಅಲ್ಲೇ ಉಳಿದರೆ ಟ್ಯೂಬ್ ಮತ್ತೆ ತೂತಾಗುತ್ತದೆ.