ಕುಡತಿನಿ ದಾಟಿದರೆ ನಿಲ್ಲುತ್ತಿದ್ದ ಮಾರಿಸ್ ಮೈನರ್

ಬಳ್ಳಾರಿ ಊರೊಳಗೆ ವಾರವಿಡೀ ಓಡಾಡಿದರೂ ಮಾಸ್ತರರ ಹಳೆಯ ಮಾರಿಸ್ ಮೈನರ್ ಕಾರು ಒಮ್ಮೆಯೂ ಕೆಮ್ಮುತ್ತಿರಲಿಲ್ಲ. ಹೊಸಪೇಟೆ ದಾರಿ ಹಿಡಿದು ಕುಡತಿನಿ ದಾಟಿದರೆ ಮಾತ್ರ ಎಳೆತ ತಪ್ಪಿ, ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತಿತ್ತು. ಇಪ್ಪತ್ತು ನಿಮಿಷ ಬೇವಿನ ನೆರಳಿನಲ್ಲಿ ಕುಳಿತರೆ ಏನೂ ಆಗದಂತೆ ಮತ್ತೆ ಚಾಲೂ.

ಮೊದಲ ಸಲ ಗಾಡಿ ಕೌಲ್ ಬಜಾರಿನ ನನ್ನ ಶೆಡ್ಡಿಗೆ ಬಂದದ್ದು ಏಪ್ರಿಲ್‌ನಲ್ಲಿ. ನಮ್ಮ ಊರಿನ ಏಪ್ರಿಲ್‌ನಲ್ಲಿ ಬಿಸಿಲನ್ನು ಬಿಟ್ಟು ಬೇರೆ ಕಾರಣ ಹುಡುಕಲು ಯಾರಿಗೆ ಮನಸ್ಸಾಗುತ್ತದೆ? "ಕಾವಿಗೆ ಪೆಟ್ರೋಲ್ ಆವಿಯಾಗುತ್ತಿದೆ ಮಾಸ್ತರೇ, ಪಂಪಿನ ಮೇಲೆ ಒದ್ದೆ ಗೋಣಿ ಹಾಕಿರಿ" ಎಂದು ಕಳಿಸಿದೆ. ಫಿಯಟ್ 1100ಗಳಿಗೆ ಇದನ್ನೇ ಹೇಳಿ ಹೇಳಿ ಬಾಯಿಪಾಠವಾಗಿತ್ತು. ಆದರೆ ಫಿಯಟ್ಟಿನ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ಮೈನರ್‌ನದು ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬುರೇಟರಿಗೆ ಕೊಡುವ, ಕರೆಂಟಿನಲ್ಲಿ ನಡೆಯುವ ಎಸ್‌ಯು ಕಂಪನಿಯ ಪಂಪು. ಎಂಜಿನ್ನಿನಿಂದ ದೂರವಾಗಿ, ಅದರ ಬೆನ್ನಿಗಿರುವ ತಗಡಿನ ಗೋಡೆಯ ಮೇಲೆ ಕೂತಿರುತ್ತದೆ.

ಎರಡನೆಯ ಸಲ ಪಂಪನ್ನು ಬಿಚ್ಚಿ ನೋಡಿದರೆ ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟ್‌ಗಳು ಸುಟ್ಟು ಕರಕಲಾಗಿದ್ದವು. ಹೊಸವು ಹಾಕಿದೆ. ಎರಡು ತಿಂಗಳಿಗೆ ಅವೂ ಸುಟ್ಟವು. ಮೂರನೆಯ ಸಲ ಡಯಾಫ್ರಾಮನ್ನೂ, ಅಂದರೆ ಹಿಂದೆ ಮುಂದೆ ಆಡಿ ಪೆಟ್ರೋಲ್ ಹೀರಿ ದೂಡುವ ಪೊರೆಯನ್ನೂ, ಬದಲಿಸಿದೆ. ಅದರ ಸುತ್ತ 11 ಪುಟ್ಟ ಹಿತ್ತಾಳೆಯ ಉರುಳೆಗಳಿರುತ್ತವೆ. ಶೆಡ್ಡಿನ ಹುಡುಗ ಅವನ್ನೆಲ್ಲ ಮಣ್ಣಿಗೆ ಚೆಲ್ಲಿ, ಹತ್ತು ಸಿಕ್ಕವೆಂದು ಕೈಚೆಲ್ಲಿ ಕುಳಿತ. ಹನ್ನೊಂದನೆಯದು ಸಿಗುವವರೆಗೆ ಚಹಾ ಇಲ್ಲ ಎಂದೆ. ಅವನ ಚಪ್ಪಲಿಯಡಿಯಲ್ಲೇ ಇತ್ತು. ಜೋಡಿಸುವಾಗ ಪಾಯಿಂಟ್ ಟಕ್ಕನೆ ಹಾರುವ ಜಾಗಕ್ಕೆ ಡಯಾಫ್ರಾಮನ್ನು ತಂದು, ಅಲ್ಲಿಂದ ಅಂಚಿನ ನಾಲ್ಕು ತೂತುಗಳಷ್ಟು, ಅಂದರೆ ಸುತ್ತಿನ ಮೂರನೇ ಎರಡು ಭಾಗ, ಬಿಚ್ಚಿ ನಿಲ್ಲಿಸಬೇಕು. ಅಳತೆ ತಪ್ಪದೆ ಮಾಡಿದೆ. ಡಿಸೆಂಬರಿನ ತಣ್ಣನೆಯ ಬೆಳಿಗ್ಗೆ ಗಾಡಿ ಅದೇ ಕುಡತಿನಿಯ ಆಚೆ ನಿಂತಿತು.

ಬಿಸಿಲಿನ ನೆಪ ಅಲ್ಲಿಗೆ ಮುಗಿಯಿತು. ಮುಂದಿನ ಭಾನುವಾರ ಮಾಸ್ತರರ ಪಕ್ಕದಲ್ಲಿ ನಾನೇ ಕುಳಿತು ಹೋದೆ.

ಈ ಪಂಪು ಮಾತನಾಡುತ್ತದೆ. ಕೀಲಿ ತಿರುಗಿಸಿದೊಡನೆ ಟಿಕ್ ಟಿಕ್ ಎಂದು, ಕಾರ್ಬುರೇಟರ್ ತುಂಬಿದ ಮೇಲೆ ಸುಮ್ಮನಾದರೆ ಆರೋಗ್ಯ. ಬಿಡುವಿಲ್ಲದೆ ಟಿಕಟಿಕ ಬಡಿದುಕೊಂಡೂ ಪೆಟ್ರೋಲ್ ಬಾರದಿದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಹೀರುವ ಕಡೆಯ ಕೊಳವೆಯಲ್ಲಿ ಗಾಳಿ. ಗಾಡಿ ನಿಂತಾಗ ನಮ್ಮ ಪಂಪಿನದು ಪೂರ್ತಿ ಮೌನ. ಮುಟ್ಟಿ ನೋಡಿದರೆ ಪಂಪಿನ ಮೈ ಕೈ ಇಡಲಾಗದಷ್ಟು ಬಿಸಿ.

ಆ ಬಿಸಿಯೇ ಸುಳಿವು ಕೊಟ್ಟಿತು. ಎಸ್‌ಯು ಪಂಪಿನಲ್ಲಿ ಪೆಟ್ರೋಲನ್ನು ಹೀರುವುದು ಕಾಯಿಲಿನ ಅಯಸ್ಕಾಂತ, ಮುಂದಕ್ಕೆ ದೂಡುವುದು ಸ್ಪ್ರಿಂಗ್. ಕಾರ್ಬುರೇಟರ್ ಕಡೆಯ ಮುಂದಿನ ದಾರಿ ಕಟ್ಟಿದರೆ ಪಾಯಿಂಟ್ ತೆರೆದೇ ನಿಲ್ಲುತ್ತದೆ, ಕರೆಂಟು ಹರಿಯುವುದಿಲ್ಲ, ಪಂಪು ತಣ್ಣಗಿರುತ್ತದೆ. ಟ್ಯಾಂಕಿನ ಕಡೆಯ ಹಿಂದಿನ ದಾರಿ ಕಟ್ಟಿದರೆ ಅಯಸ್ಕಾಂತ ಡಯಾಫ್ರಾಮನ್ನು ಪೂರ್ತಿ ಎಳೆಯಲಾರದೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಪಾಯಿಂಟ್ ಮುಚ್ಚಿಯೇ ಇರುತ್ತದೆ, ಕಾಯಿಲ್ ಕಾಯುತ್ತದೆ, ಪಾಯಿಂಟ್ ಬೇಯುತ್ತದೆ. ನಾನು ಮತ್ತೆ ಮತ್ತೆ ಬದಲಿಸಿದ ಪಾಯಿಂಟ್‌ಗಳು ರೋಗವಲ್ಲ, ರೋಗದ ಗಾಯ.

ಕೀಲಿ ಹಾಗೇ ಇರಲಿ ಎಂದು ಮಾಸ್ತರರಿಗೆ ಹೇಳಿ ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಯ್ಯ್ ಎಂದು ಗಾಳಿ ಒಳಗೆ ನುಗ್ಗಿತು. ಮುಂದುಗಡೆ ಪಂಪು ಟಿಕ್ ಟಿಕ್ ಶುರು ಮಾಡಿತು.

ಪೆಟ್ರೋಲ್ ಖರ್ಚಾದಂತೆ ಅದರ ಜಾಗಕ್ಕೆ ಗಾಳಿ ಬರಲೆಂದು ಮುಚ್ಚಳದಲ್ಲಿ ಸೂಜಿಯಷ್ಟು ಸಣ್ಣ ಗಂಡಿ ಇರುತ್ತದೆ. ತೋರಣಗಲ್ಲು ದಾರಿಯ ಅದಿರು ಲಾರಿಗಳ ಕೆಂಪು ಧೂಳು ಜಿಡ್ಡಿನೊಂದಿಗೆ ಸೇರಿ ಅಲ್ಲಿ ಅರಗಿನ ಹಾಗೆ ಕೂತಿತ್ತು. ಊರೊಳಗಿನ ಸಣ್ಣ ಓಡಾಟಕ್ಕೆ ಟ್ಯಾಂಕಿನೊಳಗಿನ ಗಾಳಿಯೇ ಸಾಕಾಗುತ್ತಿತ್ತು. ಅರ್ಧ ಗಂಟೆಯ ಓಟಕ್ಕೆ ಸಾಲುತ್ತಿರಲಿಲ್ಲ. ನಿಂತ ಮೇಲೆ ಸಂದುಗೊಂದುಗಳಿಂದ ಮೆಲ್ಲಗೆ ಗಾಳಿ ಜಿನುಗುತ್ತಿತ್ತು. ಬೇವಿನ ನೆರಳಿನ ಮಹಿಮೆ ಅಷ್ಟೇ.

ಗುಂಡುಸೂಜಿಯಿಂದ ಚುಚ್ಚಿ, ಊದಿ, ಹೊಸಪೇಟೆಯವರೆಗೆ ಹೋಗಿ ಬಂದೆವು. ಡಯಾಫ್ರಾಮಿನ ಹಣ ವಾಪಸು ಕೊಡಲು ಹೋದರೆ ಮಾಸ್ತರರು ತೆಗೆದುಕೊಳ್ಳಲಿಲ್ಲ. ಒದ್ದೆ ಗೋಣಿಯನ್ನು ಮಾತ್ರ ಡಿಕ್ಕಿಯಿಂದ ಇನ್ನೂ ತೆಗೆದಿಲ್ಲ. ಕೇಳಿದರೆ, "ಇರಲಿ ಬಿಡಪ್ಪಾ, ನೀನು ಹೇಳಿದ್ದಲ್ಲವೇ" ಎನ್ನುತ್ತಾರೆ.